ಎರಡನೇ ಕಾಲಮ್ಮಿಗೆ ಸೇರಿಸಿದ ಬಾವಿ

ಒಂದು ಬಾವಿಗೆ ನಾನು ತೆತ್ತದ್ದು ನಾಲ್ಕು ವರ್ಷದ ಬಡ್ತಿ ಮತ್ತು ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಎರಡು ಸಾಲು. ಬಾವಿ ನನ್ನದಲ್ಲ. ಅದರ ನೀರು ಒಂದು ಕೊಡದಷ್ಟೂ ನಮ್ಮ ಮನೆಗೆ ಬಂದದ್ದಿಲ್ಲ. ಎರಡು ಸಲ ಬೆಲೆ ಕೇಳದೆ, ಒಂದು ಸಲ ಎದ್ದು ಹೊರಟವನಂತೆ ನಟಿಸದೆ, ಸೊಪ್ಪಿನ ಕಟ್ಟನ್ನೂ ಕೊಂಡವನಲ್ಲ ನಾನು. ಇದಕ್ಕೆ ಮಾತ್ರ ಕೇಳಿದಷ್ಟು ಕೊಟ್ಟು ಸುಮ್ಮನಾದೆ. ಯಾಕೆಂದರೆ ಆ ಬಾವಿ ಅದರ ಒಡತಿಯ ಕೈತಪ್ಪಲು ಕಾರಣ ನನ್ನದೇ ಕೈಬರಹದ ಒಂದು ಸಾಲು. ಅದನ್ನು ವಾಪಸು ಕೊಡಿಸಲು ಇನ್ನೊಂದು ದಾರಿ ಇರಲಿಲ್ಲ.

ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದವರು ಕೆಲವರು ನನ್ನನ್ನು ನೋಡಲು ರಾಜಾಜಿನಗರದ ಮನೆಗೆ ಬರುತ್ತಾರೆ. ಬಡ್ತಿ ಯಾವಾಗ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ, ಇವೇ ಪ್ರಶ್ನೆ. ಕೆಲಸವೇನು ಎಂದು ಕೇಳಿದವರು ಕಡಿಮೆ. ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಮ್ಮದು ಸೈನ್ಯದ ಜಮೀನು ನೋಡಿಕೊಳ್ಳುವ ಕಚೇರಿ. ಆದರೆ ನಾವು ಸೈನ್ಯದವರಲ್ಲ. ನಮಗೆ ಸಂಬಳ ಕೊಡುವುದೂ, ನಮ್ಮನ್ನು ಕೇಳುವುದೂ ದಿಲ್ಲಿಯ ರಕ್ಷಣಾ ಖಾತೆ. ಬೆಂಗಳೂರಿನಲ್ಲಿ ಸೈನ್ಯಕ್ಕೆ ಒಂದು ಶೆಡ್ಡು ಬೇಕಾದರೂ, ಒಂದು ಹೊಲ ಬೇಡವಾದರೂ, ಅದು ಯಾರದು, ಎಷ್ಟಿದೆ, ಏನಿದೆ ಎಂದು ನೋಡಿ ಬರೆದು ಕಳಿಸುವವರು ನಾವು. ಬೇಕೆಂದು ಕರ್ನಲ್ ಸಾಹೇಬರು ಬರೆಯುತ್ತಾರೆ. ನಮ್ಮ ವರದಿ ಅದರ ಹಿಂದೆ ಹೋಗುತ್ತದೆ. ದಿಲ್ಲಿಯಲ್ಲಿ ರಕ್ಷಣಾ ಖಾತೆಯ ಗುಮಾಸ್ತರು ಒಂದು ಪ್ರಶ್ನೆ ಹಾಕುತ್ತಾರೆ, ಪಕ್ಕದ ಮೇಜಿನ ಹಣಕಾಸಿನವರು ಎರಡು ಹಾಕುತ್ತಾರೆ, ಫೈಲು ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ಕೊನೆಗೆ ಅಲ್ಲಿಂದ ಬಂದ ಹುಕುಮೇ ಹುಕುಮು. ಸಾವಿರ ಕೋವಿ ಕೈಕೆಳಗಿದ್ದ ಕರ್ನಲ್ಲೂ ಅದನ್ನು ಮೀರುವಂತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಹೀಗಿರಲಿಲ್ಲ. ನಾನು ತಾತ್ಕಾಲಿಕ ಗುಮಾಸ್ತನಾಗಿ ಸೇರಿದ್ದು ಆಗಲೇ. ಬಿಳಿಯ ಅಧಿಕಾರಿ ಜೀಪಿನಲ್ಲಿ ಬಂದು ಕೋಲು ತೋರಿಸಿದರೆ ಆ ಹೊಲ ಅವತ್ತೇ ಸೈನ್ಯದ್ದು. ಶಾನುಭೋಗರು ಬೆವರು ಒರೆಸಿಕೊಳ್ಳುತ್ತಾ ಹಿಂದೆ ಓಡುತ್ತಾ ಒಂದು ಹಾಳೆಯಲ್ಲಿ ಪಟ್ಟಿ ಬರೆಯುತ್ತಿದ್ದರು, ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೆ ಬದಲಾದ ಪದ್ಧತಿಗಳಲ್ಲಿ ಇದು ದೊಡ್ಡದು. ಹೊಸಬರಿಗೆ ಇದರ ತೂಕ ತಿಳಿಯುವುದಿಲ್ಲ. ನಮ್ಮ ಹೆಡ್‌ಕ್ಲರ್ಕ್ ವೆಂಕಟಾಚಾರ್ ಅವರು ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದರು: “ನೋಡಯ್ಯಾ ಪುಟ್ಟಸ್ವಾಮಿ, ಕೋವಿ ಇರೋವ್ನ ಕೈಗೇ ಪೆನ್ನೂ ಕೊಟ್ಬಿಟ್ರೆ, ಆಮೇಲೆ ಅವನ್ನ ಕೇಳೋರು ಯಾರೂ ಉಳಿಯಲ್ಲ.”

ಆಚಾರ್ ಅವರ ವಿಷಯ ಸ್ವಲ್ಪ ಹೇಳಬೇಕು. ತೆಳ್ಳನೆಯ ಮನುಷ್ಯ, ಮುಚ್ಚಿದ ಕೋಟು, ಕಾಲಿಗೆ ಟಯರಿನ ಚಪ್ಪಲಿ. ಹೊಲವನ್ನು ಕಾಲಲ್ಲಿ ನಡೆದು ನೋಡದೆ ಆ ಹೊಲದ ಬಗ್ಗೆ ಒಂದಕ್ಷರ ಬರೆಯುತ್ತಿರಲಿಲ್ಲ. ಕಾಲು ಮೊದಲು, ಕೈ ಆಮೇಲೆ ಎನ್ನುತ್ತಿದ್ದರು. ನಮಗೆ ಅದು ನಗುವಿನ ವಿಷಯವಾಗಿತ್ತು. ಸರ್ವೆ ನಕ್ಷೆ ಇದೆ, ಯುದ್ಧಕಾಲದ ಪಟ್ಟಿ ಇದೆ, ಕುರ್ಚಿಯಲ್ಲಿ ಕೂತು ಬರೆದರೆ ಅರ್ಧ ದಿನದ ಕೆಲಸ. ಆಚಾರ್ ಅವರಿಗೆ ನಾಲ್ಕು ದಿನ ಬೇಕಾಗುತ್ತಿತ್ತು.

ನಾನು ಕುರುಬರಹಳ್ಳಿಯವನು. ಓದುವ ಕಾಲದಲ್ಲಿ ಹೊಸಹಳ್ಳಿ ಕಡೆಯ ಬದುಗಳಲ್ಲಿ ಹುಲ್ಲು ಕೊಯ್ದು ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಹೊರೆ ಮಾರಿ ಫೀಸು ಕಟ್ಟಿದವನು. ಜಟಕಾದವರು ಹುಲ್ಲಿಗೆ ಚೌಕಾಸಿ ಮಾಡುವುದನ್ನು ನೋಡಿದವರಿಗೇ ಗೊತ್ತು. ಮೊದಲು ಬಾಯಿಗೆ ಬಂದಷ್ಟು ಹೇಳಬೇಕು, ಆಮೇಲೆ ಒಲ್ಲದ ಮನಸ್ಸಿನಿಂದ ಇಳಿಯಬೇಕು. ಮೊದಲ ಮಾತನ್ನು ಯಾರೂ ನಂಬುವುದಿಲ್ಲ, ಹೇಳುವವನೂ ನಂಬುವುದಿಲ್ಲ. ಅದು ಸುಳ್ಳಲ್ಲ, ವ್ಯಾಪಾರದ ಮೆಟ್ಟಿಲು. ಕಚೇರಿಯಲ್ಲೂ ಈ ವಿದ್ಯೆ ನನಗೆ ಅನ್ನ ಕೊಟ್ಟಿತು. ಮನೆ ಮಾಲೀಕರು, ಗೋಡೌನಿನವರು, ರೈತರು, ಯಾರ ಜೊತೆ ಮಾತುಕತೆ ಇದ್ದರೂ ನನ್ನನ್ನೇ ಕಳಿಸುತ್ತಿದ್ದರು.

ನನ್ನ ತಲೆ ತಿರುಗಿಸಿದ್ದು ಟಯರಿನ ಪ್ರಕರಣ. ಒಬ್ಬ ಮೇಜರ್ ಸಾಹೇಬರು ನಮ್ಮ ಕುರುಬರಹಳ್ಳಿಯಲ್ಲೇ ಒಂದು ಖಾಲಿ ಕುರಿದೊಡ್ಡಿಗೆ ಲಾರಿ ಟಯರು ತುಂಬಿಸಿ ಬೀಗ ಜಡಿದರು. ಕಾಗದ ಇಲ್ಲ, ಪತ್ರ ಇಲ್ಲ. ನಾನು ಕಚೇರಿಯ ಪತ್ರ ಹಿಡಿದು ಹೋದೆ. ಅವರು ಓದಿ ನಕ್ಕು, ಕುರಿಗಳು ಅರ್ಜಿ ಕೊಟ್ಟವೇ ಎಂದು ಕೇಳಿದರು. ನಾವು ದಿಲ್ಲಿಗೆ ಬರೆದೆವು. ತಿಂಗಳೊಳಗೆ ಅಲ್ಲಿಂದ ತಂತಿ ಬಂತು. ಅವತ್ತು ಸಂಜೆಯೇ ಮೇಜರ್ ಸಾಹೇಬರ ಜವಾನರು ಟಯರು ಉರುಳಿಸಿಕೊಂಡು ಹೋಗುವುದನ್ನು ಊರಿನವರೆಲ್ಲ ಸಾಲಾಗಿ ನಿಂತು ನೋಡಿದರು. ದೊಡ್ಡಿಯ ಯಜಮಾನ, “ಪುಟ್ಸಾಮಿ, ನಿನ್ನ ಪೆನ್ನು ಕೋವಿಗಿಂತ ಜೋರು ಕಣೋ” ಅಂದ. ಆ ಮಾತು ನನಗೆ ಬಹಳ ರುಚಿಸಿತು. ಪೆನ್ನು ಕೋವಿಯಷ್ಟೇ ಜೋರಾದರೆ ಕೋವಿಯಷ್ಟೇ ಎಚ್ಚರದಲ್ಲಿ ಹಿಡಿಯಬೇಕು ಎಂಬುದು ಹೊಳೆಯಲಿಲ್ಲ.

ಕೆಂಪಮ್ಮನ ಪ್ರಕರಣ ಬಂದದ್ದು ಆಮೇಲೆ.

ಹೊಸಹಳ್ಳಿಗೂ ಅತ್ತಿಗುಪ್ಪೆಗೂ ನಡುವೆ ಆಕೆಗೆ ಎರಡು ಎಕರೆ. ಯುದ್ಧಕಾಲದಲ್ಲಿ ಸುತ್ತಲಿನ ಹೊಲಗಳ ಜೊತೆಗೆ ಅದನ್ನೂ ವಶಕ್ಕೆ ತೆಗೆದುಕೊಂಡು ಅಲ್ಲಿ ಲಾರಿ ರಿಪೇರಿ ನಡೆಸಿದ್ದರು. ಯುದ್ಧ ಮುಗಿದು ಬೇರೆ ಹೊಲಗಳು ಒಂದೊಂದಾಗಿ ವಾಪಸಾದವು. ಕೆಂಪಮ್ಮನದು ಮಾತ್ರ ಉಳಿಯಿತು. ಅಷ್ಟರಲ್ಲಿ ಗಂಡ ತೀರಿಹೋಗಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಕೆ ಇನ್ನೊಬ್ಬರ ಹೊಲ ಗೇಯುತ್ತಿದ್ದಳು. ಐವತ್ತರ ದಶಕದ ನಡುವೆ ಕಡೆಗೂ ಅದನ್ನು ಬಿಟ್ಟುಕೊಡುವ ತೀರ್ಮಾನವಾಗಿ, ಹಸ್ತಾಂತರದ ಪಟ್ಟಿ ತಯಾರಿಸುವ ಕೆಲಸ ನನ್ನ ಮೇಜಿಗೆ ಬಂತು.

ಆ ಪಟ್ಟಿಯ ಗುಟ್ಟು ತಿಳಿಯದೆ ಮುಂದಿನದು ತಿಳಿಯುವುದಿಲ್ಲ. ಅದರಲ್ಲಿ ಎರಡು ಕಾಲಂ. ಮೊದಲನೆಯದರಲ್ಲಿ, ವಶಕ್ಕೆ ತೆಗೆದುಕೊಂಡಾಗ ಜಮೀನಿನಲ್ಲಿ ಏನೇನಿತ್ತು ಎಂಬುದು. ಎರಡನೆಯದರಲ್ಲಿ, ಆಮೇಲೆ ಸೈನ್ಯ ಏನೇನು ಕಟ್ಟಿತು ಎಂಬುದು. ಮೊದಲನೆಯದರಲ್ಲಿ ಇರುವುದೆಲ್ಲ ಜಮೀನಿನವರಿಗೆ ವಾಪಸು. ಎರಡನೆಯದರಲ್ಲಿ ಇರುವುದು ಸರ್ಕಾರದ ಆಸ್ತಿ.

ಕೆಂಪಮ್ಮನ ಹೊಲದಲ್ಲಿ ಒಂದು ಬಾವಿ. ಆಕೆಯ ಗಂಡ ಮೂರು ಬೇಸಿಗೆ ತೋಡಿದ್ದು. ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆ ಬಾವಿ. ಸೈನ್ಯದವರು ಅದಕ್ಕೆ ಸುತ್ತ ಕಲ್ಲು ಕಟ್ಟಿ, ಎತ್ತು ಇಳಿಯುವ ಇಳಿಜಾರನ್ನು ಮಣ್ಣು ಹಾಕಿ ಮುಚ್ಚಿ, ಮೇಲೆ ಪಂಪು ಕೂರಿಸಿದ್ದರು. ಯುದ್ಧಕಾಲದ ಒಂದು ಹಾಳೆಯ ಪಟ್ಟಿಯಲ್ಲಿ ಶಾನುಭೋಗರು “ಖುಷ್ಕಿ ಎರಡು ಎಕರೆ” ಎಂದಷ್ಟೇ, ಅಂದರೆ ಮಳೆ ನಂಬಿದ ಹೊಲವೆಂದು, ಬರೆದಿದ್ದರು, ಬಾವಿಯ ಹೆಸರಿಲ್ಲ. ಸೈನ್ಯದ ಕಾಮಗಾರಿ ಪುಸ್ತಕದಲ್ಲಿ ಮಾತ್ರ “ಬಾವಿ, ಕಲ್ಲಿನ ಕಟ್ಟಡ, ಪಂಪು” ಎಂದು ದಪ್ಪಕ್ಷರದಲ್ಲಿ ಇತ್ತು.

ಕಾಗದ ಮಾತ್ರ ನೋಡಿದವನಿಗೆ ಬಾವಿ ಸೈನ್ಯದ್ದೇ. ಆದರೆ ನಾನು ಕಾಗದ ಮಾತ್ರ ನೋಡಿದವನಲ್ಲ. ಹುಲ್ಲು ಕೊಯ್ಯುವ ಕಾಲದಲ್ಲಿ ಆ ಕಪಿಲೆ ಏಳುವುದನ್ನೂ ಇಳಿಯುವುದನ್ನೂ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ.

ಆದರೂ ಯಾಕೆ ಎರಡನೇ ಕಾಲಮ್ಮಿಗೆ ಬರೆದೆ? ಕೆಂಪಮ್ಮ ಚೌಕಾಸಿಯಲ್ಲಿ ನನ್ನಷ್ಟೇ ಗಟ್ಟಿ. ವಾರಕ್ಕೊಮ್ಮೆ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನೆಲದ ಮೇಲೆ ಕೂರುತ್ತಿದ್ದಳು. ಬೆಂಚು ತೋರಿಸಿದರೆ, ಅಲ್ಲಿ ಕೂತ್ರೆ ನೀವು ಬೇಗ ಏಳಿಸ್ತೀರ ಎನ್ನುತ್ತಿದ್ದಳು. ಆಕೆಯ ಬೇಡಿಕೆ ಒಂದೇ. ಹೊಲದ ಮುಕ್ಕಾಲು ಪಾಲು ಎಣ್ಣೆ ಕುಡಿದಿದೆ, ಉಳಿದ ಕಡೆ ಕಾಂಕ್ರೀಟು ಹಾಸಿದೆ, ಎರಡನ್ನೂ ತೆಗೆದು ಹೊಲವನ್ನು ಹೊಲ ಮಾಡಿ ಕೊಡಿ.

“ಎಣ್ಣೆ ಕುಡ್ದಿರೋ ಮಣ್ಣಲ್ಲಿ ರಾಗಿ ಹುಟ್ಟುತ್ತೇನಪ್ಪ? ನೀನೂ ಹುಲ್ಲು ಕುಯ್ದೋನೇ, ನೀನೇ ಹೇಳು.”

ಹುಟ್ಟುವುದಿಲ್ಲ ಎಂದು ನನಗೂ ಗೊತ್ತು. ಆದರೆ ಆ ಕೆಲಸಕ್ಕೆ ಮಂಜೂರಾತಿ ಕೇಳಿದರೆ ಫೈಲು ಇನ್ನೊಂದು ವರ್ಷ ಓಡಾಡುತ್ತದೆ, ಹಣಕಾಸಿನವರು ನನ್ನ ಜೀವ ತಿನ್ನುತ್ತಾರೆ. ಆಗ ನನ್ನ ಟೋಲ್‌ಗೇಟಿನ ಬುದ್ಧಿ ಕೆಲಸ ಮಾಡಿತು. ಬಾವಿಯನ್ನು ಎರಡನೇ ಕಾಲಮ್ಮಿಗೆ ಹಾಕೋಣ. ಆಮೇಲೆ ಆಕೆಗೆ ಹೇಳೋಣ: ಕೆಂಪಮ್ಮ, ಕಾಗದದ ಪ್ರಕಾರ ಬಾವಿ ಸರ್ಕಾರದ್ದು, ಆದರೂ ನಿನಗೆ ಬಿಡಿಸಿಕೊಡ್ತೀನಿ, ನೀನು ಎಣ್ಣೆ ಮಣ್ಣಿನ ಮಾತು ಬಿಡು. ಆಕೆ ಬೈಯುತ್ತಾಳೆ, ಒಪ್ಪುತ್ತಾಳೆ. ನಾನು ಪಟ್ಟಿಯನ್ನು ತಿದ್ದುತ್ತೇನೆ. ಸರ್ಕಾರಕ್ಕೆ ಉಳಿತಾಯ, ಆಕೆಗೆ ಬಾವಿ, ನನಗೆ ಶಹಭಾಸ್‌ಗಿರಿ.

ಆಚಾರ್ ಅವರು ಆಗ ಮಗಳ ಮದುವೆಗೆಂದು ರಜೆ ಹಾಕಿದ್ದರು. ಅವರಿದ್ದಿದ್ದರೆ ನನ್ನನ್ನು ಹೊಸಹಳ್ಳಿಗೆ ನಡೆಸಿಕೊಂಡು ಹೋಗುತ್ತಿದ್ದರು, ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕರಡು ಪಟ್ಟಿ ಬರೆದು, ಪದ್ಧತಿಯಂತೆ ಒಂದು ಪ್ರತಿಯನ್ನು, ಆ ಹೊಲ ಯಾರ ಸುಪರ್ದಿನಲ್ಲಿತ್ತೋ ಆ ಕರ್ನಲ್ ಸಾಹೇಬರ ಸಹಿಗೆ ಕಳಿಸಿದೆ.

ಅಲ್ಲಿ ಕೆಟ್ಟಿತು. ಕರ್ನಲ್ ಸಾಹೇಬರ ಜವಾನರು ವಾಸವಿದ್ದ ಲೈನುಗಳು ಮೈಸೂರು ರಸ್ತೆಯ ಕಡೆಗಿದ್ದವು. ಆ ಬೇಸಿಗೆ ಅಲ್ಲಿ ನೀರಿಗೆ ತತ್ವಾರ. ಲಾರಿಯಲ್ಲಿ ಪೀಪಾಯಿ ಹೊತ್ತು ತರುತ್ತಿದ್ದರು. ಪಟ್ಟಿಯನ್ನು ಓದಿದ ಸಾಹೇಬರು ನ್ಯಾಯವಾಗಿಯೇ ಯೋಚಿಸಿದರು: ಬಾವಿ ನಮ್ಮದೇ ಆದ ಮೇಲೆ ಬಿಟ್ಟುಕೊಡುವುದೇಕೆ? ಬಾವಿಯನ್ನೂ ಸುತ್ತಲಿನ ಹತ್ತು ಗುಂಟೆಯನ್ನೂ ರಸ್ತೆಯವರೆಗಿನ ದಾರಿಯನ್ನೂ ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂದು ಬರೆದು, ನನ್ನ ಪಟ್ಟಿಯನ್ನೇ ಆಧಾರವಾಗಿ ಲಗತ್ತಿಸಿ, ತಮ್ಮ ಮೇಲಿನವರ ಮೂಲಕ ದಿಲ್ಲಿಗೆ ಕಳಿಸಿಬಿಟ್ಟರು. ನನಗೆ ಗೊತ್ತಾಗುವಷ್ಟರಲ್ಲಿ ಫೈಲು ರೈಲು ಹತ್ತಿತ್ತು.

ಹುಲ್ಲಿನ ವ್ಯಾಪಾರದಲ್ಲಿ ಮೊದಲ ಮಾತಿನಿಂದ ಇಳಿಯಬಹುದು. ಕಡತದಲ್ಲಿ ಇಳಿಯಲು ಮೆಟ್ಟಿಲಿಲ್ಲ. ಸಾವಿರ ಮೈಲಿ ದೂರದ ಮೇಜಿನಲ್ಲಿ ಕೂತವರಿಗೆ ನಾನು ಟೋಲ್‌ಗೇಟಿನ ರೇಟು ಹೇಳುತ್ತಿದ್ದೇನೆಂದು ಹೇಗೆ ತಿಳಿಯಬೇಕು? ಅವರು ನಂಬಿದರು. ನಂಬುವುದು ಅವರ ಕೆಲಸ. ಅವರಿಗೆ ನಮ್ಮನ್ನು ಬಿಟ್ಟರೆ ಕಣ್ಣಿರಲಿಲ್ಲ.

ಆಗಲಾದರೂ ತಂತಿ ಕೊಟ್ಟು ತಪ್ಪು ಒಪ್ಪಿಕೊಳ್ಳಬಹುದಿತ್ತು. ದಿಲ್ಲಿಯವರೇ ಏನಾದರೂ ಪ್ರಶ್ನೆ ಹಾಕಿ ವಾಪಸು ಕಳಿಸುತ್ತಾರೆ, ಆಗ ಮೆಲ್ಲಗೆ ತಿದ್ದೋಣ ಎಂದು ಕಾದೆ. ಯಾವತ್ತೂ ಪ್ರಶ್ನೆ ಹಾಕದೆ ಬಿಡದವರು ಈ ಸಲ ಒಂದೂ ಹಾಕಲಿಲ್ಲ. ಕೆಲವು ತಿಂಗಳಲ್ಲಿ ಹುಕುಮು ಬಂತು. ಹೊಲ ಬಿಡುಗಡೆ. ಬಾವಿ, ಹತ್ತು ಗುಂಟೆ, ದಾರಿ, ಸರ್ಕಾರಕ್ಕೆ.

ಅವತ್ತು ಕೆಂಪಮ್ಮ ಬಂದಳು. ಆಚಾರ್ ಅವರೂ ರಜೆ ಮುಗಿಸಿ ಎಷ್ಟೋ ದಿನವಾಗಿತ್ತು, ಪಕ್ಕದ ಮೇಜಿನಲ್ಲಿದ್ದರು. ನಾನು ಹುಕುಮನ್ನು ಕನ್ನಡದಲ್ಲಿ ಓದಿ ಹೇಳಿದೆ.

“ಬಾವಿ ನಮ್ಮೆಜಮಾನ್ರು ತೋಡಿದ್ದು ಕಣಪ್ಪ. ಬಾವಿ ಇಲ್ದಲೆ ಆ ಎಣ್ಣೆ ಮಣ್ಣು ತಗೊಂಡು ನಾನೇನು ಮಾಡ್ಲಿ? ಬಾವಿ ಮಿಲ್ಟ್ರಿಯೋರದು ಅಂತ ಬರ್ದೋರು ಯಾರು?”

“ದಿಲ್ಲಿಯೋರಮ್ಮ,” ಅಂದೆ.

ಆಕೆ ನಂಬಿದಳು. ಎದ್ದು ಸೆರಗು ಕೊಡವಿಕೊಂಡು, ದಿಲ್ಲಿಗೆ ಹೋಗೋಕೆ ಎಷ್ಟು ದಿನ ಆಗುತ್ತೆ ಎಂದು ಕೇಳಿದಳು. ಮೂರು ದಿನ ಅಂದೆ. ಇಷ್ಟು ದಿನದ ಮಾತುಕತೆಯಲ್ಲಿ ಆಕೆ ನನ್ನ ಮಾತನ್ನು ಎದುರು ಕೇಳದೆ ಒಪ್ಪಿಕೊಂಡದ್ದು ಅದೊಂದೇ ಸಲ.

ಆಕೆ ಹೋದ ಮೇಲೆ ಆಚಾರ್ ಅವರು ಕನ್ನಡಕ ತೆಗೆದು ಒರೆಸಿದರು. “ದಿಲ್ಲಿಯವರಿಗೆ ಹೊಸಹಳ್ಳಿ ಬಾವಿ ತೋರಿಸ್ದೋರು ಯಾರಯ್ಯಾ?” ಎಂದರು. ನಾನು ಎಲ್ಲವನ್ನೂ ಹೇಳಿದೆ. ಎಣ್ಣೆ ಮಣ್ಣು, ನನ್ನ ಉಪಾಯ, ಹುಲ್ಲು ಕೊಯ್ಯುವಾಗ ಕಪಿಲೆ ನೋಡಿದ್ದು, ಎಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ನನ್ನ ಮುಂದೆ ಇಟ್ಟದ್ದು ಎರಡು ದಾರಿ. ಯುದ್ಧಕಾಲದ ಶಾನುಭೋಗರು ಬರೆಯುವುದನ್ನು ಬಿಟ್ಟಿದ್ದರು, ನಾವು ಅದನ್ನು ನಂಬಿದೆವು ಎಂದು ಬರೆಯಬಹುದು. ಶಾನುಭೋಗರು ಸತ್ತು ಹೋಗಿದ್ದಾರೆ, ಉತ್ತರ ಕೊಡುವುದಿಲ್ಲ. ಆದರೆ ಹಾಗೆ ಬರೆದರೆ ದಿಲ್ಲಿಯವರು ಅನುಮಾನದ ಲಾಭವನ್ನು ಸೈನ್ಯಕ್ಕೇ ಕೊಡುತ್ತಾರೆ, ಯಾಕೆಂದರೆ ನೀರು ಬೇಕೆಂದು ಕರ್ನಲ್ ಬರೆದಿದ್ದಾರೆ. ಮುಗಿದ ಹುಕುಮು ಮತ್ತೆ ತೆರೆಯಬೇಕಾದರೆ ಹೊಸ ಸಂಗತಿ ಬೇಕು. “ಈ ಫೈಲಲ್ಲಿ ಹೊಸ ಸಂಗತಿ ಅಂತ ಇರೋದು ಒಂದೇ ಕಣಯ್ಯಾ. ಅದು ನೀನು,” ಎಂದರು ಆಚಾರ್.

ನನಗಾಗ ಮದುವೆಯಾಗಿ ಎರಡು ಮಕ್ಕಳು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಮೇಲಿತ್ತು. ಎರಡು ದಿನ ಮನಸ್ಸಿನಲ್ಲೇ ಚೌಕಾಸಿ ಮಾಡಿದೆ. ಅರ್ಧ ಹೇಳಿದರೆ ಅರ್ಧ ಶಿಕ್ಷೆಯಾಗಬಹುದೇ? ಅರ್ಧ ಹೇಳಿದರೆ ಅರ್ಧ ಬಾವಿಯೂ ಬರುವುದಿಲ್ಲ ಎಂಬುದೇ ಉತ್ತರ. ಮೂರನೆಯ ದಿನ ಹೇಳಿಕೆ ಬರೆದುಕೊಟ್ಟೆ. ಅದರ ಕೆಳಗೆ ಆಚಾರ್ ಅವರು, “ನಾನು ರಜೆಯಿಂದ ಬಂದ ಮೇಲೂ ಈ ಪಟ್ಟಿಯನ್ನು ಸ್ಥಳದಲ್ಲಿ ತಾಳೆ ನೋಡಲಿಲ್ಲ, ಆ ಲೋಪ ನನ್ನದು” ಎಂದು ತಮ್ಮ ಕೈಯಿಂದ ಸೇರಿಸಿದರು. ಬೇಡ ಸಾರ್ ಎಂದೆ. ನಿನ್ನನ್ನ ಕೇಳಿ ಬರೀತಿಲ್ಲ ಎಂದರು.

ದಿಲ್ಲಿಯಿಂದ ಕಾಗದ ಬರಲಿಲ್ಲ, ಮನುಷ್ಯರೇ ಬಂದರು. ರಕ್ಷಣಾ ಖಾತೆಯ ಅಂಡರ್ ಸೆಕ್ರೆಟರಿ ಪಾಟೀಲರು, ಧಾರವಾಡ ಕಡೆಯವರು. ದಕ್ಷಿಣದ ಹಲವು ಊರುಗಳ ಫೈಲು ಹಿಡಿದು ಪ್ರವಾಸ ಹೊರಟಿದ್ದರು, ಅವುಗಳಲ್ಲಿ ನಮ್ಮದೂ ಒಂದು. ಕುಳ್ಳು ದೇಹ, ಕೆಮ್ಮು, ಬಗಲಲ್ಲಿ ಕೊಡೆ. ಎದೆಯ ಮೇಲೆ ಮೂರು ಸಾಲು ರಿಬ್ಬನ್ನು ಇದ್ದ ಆರಡಿ ಎತ್ತರದ ಕರ್ನಲ್ ಸಾಹೇಬರು ಅವರಿಗಾಗಿ ಹೊಲದ ಗೇಟಿನ ಹತ್ತಿರ ಮುಕ್ಕಾಲು ಗಂಟೆ ಕಾದು ನಿಂತಿದ್ದರು. ಪಾಟೀಲರು ಬಂದವರೇ ತಡವಾದದ್ದಕ್ಕೆ ಕ್ಷಮೆ ಕೇಳಿದರು. ಕರ್ನಲ್ ಸಾಹೇಬರು ಸೆಲ್ಯೂಟು ಹೊಡೆದರು. ಇದರಲ್ಲಿ ಯಾರೂ ಸಣ್ಣವರಾಗಲಿಲ್ಲ. ನಾಡನ್ನು ನಡೆಸುವುದು ಎಂದರೆ ಏನೆಂದು ನಾನು ಕಣ್ಣಾರೆ ನೋಡಿದ್ದು ಆ ಮುಳ್ಳುತಂತಿ ಬೇಲಿಯ ಪಕ್ಕದಲ್ಲಿ.

ಕೆಂಪಮ್ಮನೂ ಊರಿನ ನಾಲ್ಕು ಜನರೂ ಇದ್ದರು. ಪಾಟೀಲರು ಬಾವಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದರು. ಕಾಣುವುದೆಲ್ಲ ಸೈನ್ಯದ ಕಲ್ಲು. ಗಂಡ ತೋಡಿದ್ದಕ್ಕೆ ಗುರುತೇನಾದರೂ ಉಂಟೇ ಎಂದು ಕೇಳಿದರು.

ಕೆಂಪಮ್ಮ ಬಾವಿಯ ಕಡೆ ತಿರುಗಲೂ ಇಲ್ಲ. “ಸ್ವಾಮಿ, ನೀವು ಒಳಕ್ಕೆ ಬಂದ್ರಲ್ಲ, ಆ ಗೇಟಿನ ಕಂಬ ನೋಡಿದ್ರಾ?”

ಎಲ್ಲರೂ ಗೇಟಿನ ಹತ್ತಿರ ನಡೆದೆವು. ಎರಡು ಕಲ್ಲುಕಂಬ, ಸುಣ್ಣ ಬಳಿದಿದ್ದಾರೆ, ತಗಡಿನ ಗೇಟು ಸಿಕ್ಕಿಸಿದ್ದಾರೆ. ಕೆಂಪಮ್ಮ ಕುಡುಗೋಲಿನ ತುದಿಯಿಂದ ಒಂದು ಕಂಬದ ಮೇಲ್ಭಾಗದ ಸುಣ್ಣ ಕೆರೆದಳು. ಕಲ್ಲಿನಲ್ಲಿ ಒಂದು ತೂತು, ಅದರ ಒಳಮೈ ಗಾಜಿನಂತೆ ನುಣ್ಣಗೆ ಸವೆದಿತ್ತು. ಕಪಿಲೆಯ ರಾಟೆಯ ಅಚ್ಚು ವರ್ಷಗಟ್ಟಲೆ ತಿರುಗಿ ಸವೆದದ್ದು. ಬಾವಿಯ ಬಾಯಲ್ಲಿದ್ದ ಕಂಬಗಳನ್ನೇ ಸೈನ್ಯದವರು ಕಿತ್ತು ಗೇಟಿಗೆ ನೆಟ್ಟಿದ್ದರು. ಇನ್ನೊಂದು ಕಂಬದಲ್ಲೂ ಅದೇ ಎತ್ತರಕ್ಕೆ ಅಂಥದೇ ತೂತು. ಪಾಟೀಲರು ಬೆರಳು ಹಾಕಿ ನೋಡಿದರು. ಆಮೇಲೆ ಕರ್ನಲ್ ಸಾಹೇಬರೂ ಹಾಕಿ ನೋಡಿದರು. ಬೇರೆ ಕೆಲಸದ ಮೇಲೆ ಜೀಪಿನಲ್ಲಿ ಆ ಗೇಟಿನೊಳಗೆ ನಾನು ಎಷ್ಟು ಸಲ ಹೋಗಿ ಬಂದಿದ್ದೆ.

ಪಾಟೀಲರು ನನ್ನ ಕಡೆ ತಿರುಗಿದರು. “ನೀವೇನ್ರಿ ಪಟ್ಟಿ ಬರದವರು?”

“ಹೌದು ಸಾರ್.”

“ಬರೀವಾಗ ಬಾವಿ ಈಕೀದು ಅಂತ ನಿಮಗ ಗೊತ್ತಿತ್ತೇನು?”

ಅದೆಲ್ಲ ಹೇಳಿಕೆಯಲ್ಲಿ ಇತ್ತು, ಅವರು ಓದಿದ್ದರು. ಆದರೂ ಆಕೆಯ ಎದುರಿಗೇ ಕೇಳಿದರು. ಗೊತ್ತಿತ್ತು ಸಾರ್ ಎಂದೆ. ಕೆಂಪಮ್ಮ ನನ್ನನ್ನು ನೋಡಿದಳು. ದಿಲ್ಲಿಯೋರು ಬರೆದದ್ದು ಎಂದು ನಾನು ಹೇಳಿದ ಮಾತು ಆಕೆಗೆ ಆಗ ನೆನಪಾಗಿರಬೇಕು.

ಕರ್ನಲ್ ಸಾಹೇಬರು ಇಂಗ್ಲಿಷಿನಲ್ಲಿ ತಮ್ಮ ವಾದ ಹೇಳಿದರು. ಬಾವಿ ಯಾರದ್ದೇ ಇರಲಿ, ತಮ್ಮ ಜವಾನರಿಗೆ ಸ್ನಾನಕ್ಕೆ ನೀರಿಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದರು. ಪಾಟೀಲರು ಪೂರ್ತಿ ಕೇಳಿಸಿಕೊಂಡು, ಎಷ್ಟು ಜನ, ಎಷ್ಟು ಪೀಪಾಯಿ, ಎಲ್ಲಿಂದ ತರುತ್ತೀರಿ ಎಂದು ವಿಚಾರಿಸಿ ಎಲ್ಲವನ್ನೂ ಬರೆದುಕೊಂಡರು. ಹೊಸ ಬಡಾವಣೆಗೆ ಎಳೆಯುತ್ತಿದ್ದ ನೀರಿನ ಕೊಳವೆಯಿಂದ ಲೈನುಗಳಿಗೆ ಸಂಪರ್ಕ ಕೊಡಿಸಲು ಅಲ್ಲೇ ಟಿಪ್ಪಣಿ ಮಾಡಿದರು. ಸಾಹೇಬರು ಅತ್ತ ಹೋದ ಮೇಲೆ ನಮ್ಮ ಕಡೆ ತಿರುಗಿ ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ: “ಅವರದೇನೂ ತಪ್ಪಿಲ್ಲ ನೋಡ್ರಿ. ಬೇಕು ಅಂತ ಕೇಳೂದು ಅವರ ಕೆಲಸ. ಯಾರದು ಅಂತ ಕೇಳೂದು ನಮ್ಮ ಕೆಲಸ. ನಾವು ಸುಳ್ಳು ಹೇಳಿದ್ರ ಅವರೂ ಕಳ್ಳರಾಗತಾರ, ಗೊತ್ತಿಲ್ಲದಂಗ.”

ಹೊರಡುವಾಗ ನನಗೆ ಪ್ರತ್ಯೇಕವಾಗಿ, ಬಾವಿ ಆಕಿಗೆ ಹೋಗತದ, ನಿಮಗೊಂದು ಕಾಗದ ಬರತದ ಎಂದರು. ಎರಡೂ ಹಾಗೇ ಆದವು. ಕೊಳವೆಯ ಮಂಜೂರಾತಿ ಮೊದಲು ಬಂತು, ಬಾವಿಯ ಹುಕುಮು ಆಮೇಲೆ, ನನ್ನ ಕಾಗದ ಕೊನೆಗೆ: ನಾಲ್ಕು ವರ್ಷ ಬಡ್ತಿಯಿಲ್ಲ. ಆಚಾರ್ ಅವರಿಗೂ ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಕಾಫಿಗೆ ಎದ್ದರು. ನಿವೃತ್ತಿಗೆ ಎರಡು ವರ್ಷವಿತ್ತು, ಅವರ ಇಡೀ ಸೇವೆಗೆ ಬಿದ್ದ ಒಂದೇ ಕಪ್ಪುಚುಕ್ಕೆ ಅದು. ಇದರಲ್ಲಿ ನಾನು ತೀರಿಸಲಾಗದೆ ಉಳಿದದ್ದು ಅದೊಂದು.

ಹಸ್ತಾಂತರದ ದಿನ ಪಂಪನ್ನು ಆಗಲೇ ಎತ್ತಿದ್ದರು. ಕರ್ನಲ್ ಸಾಹೇಬರು ತಾವೇ ಬಂದಿದ್ದರು, ಬರಬೇಕಾದ ಅಗತ್ಯವಿರಲಿಲ್ಲ. ಅವರು ಪಂಜಾಬಿನವರು, ಊರು ದೇಶವಿಭಜನೆಯಲ್ಲಿ ಆಚೆ ಉಳಿದಿತ್ತು. ನನ್ನ ಕೈಲಿದ್ದ ದಪ್ಪ ಫೈಲನ್ನು ನೋಡಿ, ನಮ್ಮ ಮನೆಯ ಬಾವಿಗೂ ಇಂಥದ್ದೊಂದು ಇದ್ದಿದ್ದರೆ ಎಂದು ಹಿಂದೂಸ್ತಾನಿಯಲ್ಲಿ ಅಂದು, ಸಿಗರೇಟು ಹಚ್ಚಿಕೊಂಡು ಬೇಲಿಯ ಕಡೆ ನಡೆದರು.

ನಾನು ಪಟ್ಟಿಯನ್ನು ಕೆಂಪಮ್ಮನ ಮುಂದೆ ಹಿಡಿದು ಹೆಬ್ಬೆಟ್ಟು ಒತ್ತಬೇಕಾದ ಜಾಗ ತೋರಿಸಿದೆ. ಆಕೆ ಒತ್ತಲಿಲ್ಲ.

“ಓದು.”

ಇಂಗ್ಲಿಷಿನಲ್ಲಿದೆ ಅಂದೆ. ಕನ್ನಡದಲ್ಲಿ ಹೇಳು ಅಂದಳು. ಊರಿನವರು ಹತ್ತಿರ ಬಂದರು. ಮೊದಲ ಕಾಲಂ ಓದಿದೆ: ಎರಡು ಎಕರೆ ಹೊಲ, ಕಪಿಲೆ ಬಾವಿ ಒಂದು, ಕಲ್ಲುಕಂಬ ಎರಡು. ಎರಡನೆಯದು: ಕಾಂಕ್ರೀಟು ನೆಲ, ತಗಡಿನ ಗೇಟು. ಮುಗಿಸಿ ತಲೆ ಎತ್ತಿದೆ. ಆಕೆ ಓದಲು ಬಾರದವಳು. ಆದರೂ ಎರಡನೇ ಕಾಲಮ್ಮಿನಲ್ಲಿ ಕೆಂಪು ಗೀಟು ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟಳು.

“ಇದು?”

“ಅದು ಹೊಡೆದು ಹಾಕಿದ್ದಮ್ಮ.”

“ಹೊಡೆದು ಹಾಕಿದ್ದನ್ನೂ ಓದು. ಯಾರು ಬರ್ದಿದ್ದು ಅಂತಾನೂ ಹೇಳು. ದಿಲ್ಲಿಯೋರೋ, ನೀನೋ.”

ಓದಿದೆ. ಬಾವಿ ಒಂದು, ಸೈನ್ಯದ ಕಟ್ಟಡ. ಬರೆದವನು ಪುಟ್ಟಸ್ವಾಮಿ, ಕುರುಬರಹಳ್ಳಿ. ಗೊತ್ತಿದ್ದೂ ಬರೆದದ್ದು. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಬರೀ ಒಂದು ಸಾಲಾಗಿತ್ತು. ಆಕೆಯ ಹೊಲದಲ್ಲಿ ನಿಂತು, ಆಕೆಯ ಭಾಷೆಯಲ್ಲಿ, ಆಕೆಯ ಊರಿನವರ ಮುಂದೆ ಹೇಳುವಾಗ ಗಂಟಲು ಎರಡು ಸಲ ಕಟ್ಟಿತು.

ಕೆಂಪಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದಳು. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಾ, “ಸರಿ. ಈಗ ಎಣ್ಣೆ ಮಣ್ಣಿನ ಮಾತು ಎತ್ತು,” ಅಂದಳು. ಅದಕ್ಕೆ ಇನ್ನೊಂದು ಫೈಲು ತೆರೆದೆ. ಒಂದು ವರ್ಷ ಓಡಾಡಿತು. ಅದರ ಪ್ರತಿ ಹಾಳೆಯನ್ನೂ ಹೊಲದಲ್ಲಿ ನಿಂತೇ ಬರೆದೆ. ಕಾಂಕ್ರೀಟು ಒಡೆಸಿ, ಎಣ್ಣೆ ಮಣ್ಣು ತೆಗೆಸಿ, ಕೆರೆಯ ಗೋಡುಮಣ್ಣು ಹಾಕಿಸಿಕೊಟ್ಟ ಮೇಲೂ ಆಕೆ ನನ್ನ ಜೊತೆ ಚೌಕಾಸಿಗೆ ಇಳಿಯಲಿಲ್ಲ. ಹೇಳಬೇಕಾದ್ದನ್ನು ಆಚಾರ್ ಅವರಿಗೆ ಹೇಳಿ ಹೋಗುತ್ತಿದ್ದಳು. ಚೌಕಾಸಿ ಮಾಡಲೂ ಎದುರಿಗಿರುವವನ ಮೇಲೆ ಒಂದಿಷ್ಟು ನಂಬಿಕೆ ಇರಬೇಕೆಂದು ನನಗೆ ತಿಳಿದದ್ದು ಆಗ.

ಇನ್ನು ನಿಮಗೆ, ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ.

ಜಾಗಕ್ಕೆ ನಡೆದು ಹೋಗಿ, ಜೀಪು ಬೇಡ. ಜೀಪಿನಿಂದ ಕಾಣುವುದು ಗೇಟು, ಗೇಟಿನ ಕಂಬದ ತೂತಲ್ಲ. ಹೋದ ಮೇಲೆ ಊರಿನ ಪಟೇಲರನ್ನು ಕೇಳಿ, ಕೇಳಿ ಆದ ಮೇಲೆ ಊರಿನ ವಯಸ್ಸಾದ ಹೆಂಗಸರಲ್ಲಿ ಒಬ್ಬರನ್ನು ಕೇಳಿ. ಯಾವ ಬಾವಿಯ ನೀರು ಯಾವ ಮದುವೆಯ ಅಡಿಗೆಗೆ ಹೋಯಿತೆಂಬುದು ಅವರಿಗೆ ನೆನಪಿರುತ್ತದೆ. ಹಳೆಯ ಪಟ್ಟಿಯಲ್ಲಿ ಇಲ್ಲದ್ದು ಜಮೀನಿನಲ್ಲೂ ಇರಲಿಲ್ಲ ಎಂದುಕೊಳ್ಳಬೇಡಿ, ಬರೆದವನಿಗೂ ಅವತ್ತು ಆತುರವಿತ್ತು.

ಸಮವಸ್ತ್ರದವರನ್ನು ಎದುರಾಳಿ ಎಂದುಕೊಳ್ಳಬೇಡಿ. ಅವರ ಬೇಡಿಕೆಯನ್ನು ಅವರಿಗಿಂತ ಚೆನ್ನಾಗಿ ಬರೆಯಿರಿ. ನೀರು ಬೇಕೆಂದವರಿಗೆ ನೀರಿನ ಇನ್ನೊಂದು ದಾರಿಯನ್ನೂ ಅದೇ ಹಾಳೆಯಲ್ಲಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಚೌಕಾಸಿಯ ಮೇಲೆ ನನಗೆ ಇವತ್ತಿಗೂ ಪ್ರೀತಿ. ಮಾಡಿ, ಬಾಯಲ್ಲಿ ಮಾಡಿ. ಕಾಗದದ ಮೇಲೆ ಕೊನೆಯ ಬೆಲೆಯನ್ನೇ ಮೊದಲು ಬರೆಯಿರಿ. ತಪ್ಪು ಕಳಿಸಿದಿರೆಂದು ತಿಳಿದ ದಿನವೇ ತಂತಿ ಕೊಡಿ. ಅವತ್ತು ಕೊಟ್ಟರೆ ಒಂದು ಬೈಗುಳದಲ್ಲಿ ಮುಗಿಯುತ್ತದೆ, ಕಾದರೆ ನನ್ನಂತೆ ನಾಲ್ಕು ವರ್ಷ, ಜೊತೆಗೆ ಇನ್ನೊಬ್ಬರ ಹೆಸರಿಗೂ ಮಸಿ.

ಮತ್ತೆ, ಯಾರ ಹೊಲದ ಬಗ್ಗೆ ಬರೆಯುತ್ತೀರೋ ಅವರನ್ನು ಕರೆದು ಕೂರಿಸಿ, ಬರೆದದ್ದನ್ನು ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಿ. ಸಹಿ ಹಾಕುವ ಮುಂಚೆಯೇ ಓದಿ. ಓದುತ್ತಾ ಎಲ್ಲಾದರೂ ಗಂಟಲು ಕಟ್ಟಿದರೆ ಅಲ್ಲೇ ನಿಲ್ಲಿಸಿ, ಆ ಸಾಲನ್ನು ತಿದ್ದಿ, ಆಮೇಲೆ ಟಪ್ಪಾಲಿಗೆ ಹಾಕಿ.